ತೂಬು, ನೋಡಿ: ಬಾಗಿಲು

ನಾನು ಪುಸ್ತಕದ ಕೊನೆಯಲ್ಲಿ ಕೂರುವವಳು.
ಪದಸೂಚಿ ಮಾಡುವುದು ಕಸುಬು,
ಗ್ರೋನಿಂಗನ್ನಿನ ಸೈಕಲ್ ರಿಪೇರಿ ಅಂಗಡಿಯೊಂದರ ಅಟ್ಟದಲ್ಲಿ
ಇಪ್ಪತ್ತಾರು ವರ್ಷದಿಂದ.

ಎಲ್ಟ್ಯೊ ವೀರ್ಸೆಮಾನ ಕರಡು ಬಂದದ್ದು ಒಂದು ಫೆಬ್ರವರಿ,
ಕಾಲುವೆ ಹೆಪ್ಪುಗಟ್ಟಿದ್ದಾಗ. ಆರುನೂರ ಹನ್ನೆರಡು ಪುಟ.
ಒಂದೇ ಒಂದು ಏರಿ, ಅದರ ಹದಿನೇಳು ತೂಬು,
ಅವನ್ನು ತೆರೆದವರು, ಮುಚ್ಚಿದವರು,
ಮುಚ್ಚಲು ಮರೆತು ಮಲಗಿದವರು.
ಅಷ್ಟಕ್ಕೆ ಹದಿನಾಲ್ಕು ವರ್ಷ, ಇಡೀ ಒಂದು ವನವಾಸ.

ಬೆಟ್ಟ ಅಗೆದು ಇಲಿ ಹಿಡಿದ ಎಂದರು ವಿಭಾಗದವರು.
ಬೆಟ್ಟವೇ ಇಲ್ಲದ ನಾಡು ಇದು.
ಅಗೆಯಲು ಬೆಟ್ಟವನ್ನೂ ಅವನೇ
ಬುಟ್ಟಿ ಬುಟ್ಟಿ ಹೊತ್ತು ತಂದದ್ದನ್ನು
ಯಾರೂ ಹೇಳಲಿಲ್ಲ.

ಪೂರ್ತಿ ಓದಿದವರು ನನಗೆ ತಿಳಿದಂತೆ ಮೂವರು:
ಅವನು, ನಾನು, ಕರಡು ತಿದ್ದಿದ ಹೈನೊ.
ಹೈನೊ ನಡುವೆ ಜ್ವರ ಬಂದು
ನಲವತ್ತು ಪುಟ ಹಾರಿಸಿದ್ದನಂತೆ.

ನನ್ನ ಓದು ಹೀಗೆ:

ಇಲಿಗಳು, ಏರಿ ಕೊರೆದದ್ದು, ೩೦೯
ಕುಡಿತ, ಕಾವಲಿನ ಹೊತ್ತಿನಲ್ಲಿ, ೪೦–೪೬
ತೂಬು, ನೋಡಿ: ಬಾಗಿಲು
ನೀರುಗಂಟಿ, ಗಂಡ ಸತ್ತ ಮೇಲೆ ಹೆಂಡತಿಯೇ ಆದದ್ದು, ೧೧೭
ಹೂಳು, ಎಲ್ಲೆಲ್ಲೂ

‘ಎಲ್ಲೆಲ್ಲೂ’ ಎಂದು ಬರೆಯುವ ಹಾಗಿಲ್ಲ. ಹೊಡೆದು ಹಾಕಿದೆ.
ಎಣಿಸಿ ಬರೆದೆ, ಎಪ್ಪತ್ತೊಂದು ಕಡೆ.

ಅಚ್ಚಾದದ್ದು ಇನ್ನೂರಿಪ್ಪತ್ತು ಪ್ರತಿ,
ಬೆಲೆ ಒಂದು ಜೊತೆ ಒಳ್ಳೆಯ ಬೂಟಿನಷ್ಟು.
ಈಗ ಪ್ರಕಾಶಕರು ಹೇಳುತ್ತಾರೆ, ಇಡೀ ಪುಸ್ತಕ ಯಾರಿಗೆ ಬೇಕು,
ಅಧ್ಯಾಯ ಅಧ್ಯಾಯವಾಗಿ ಕೊಯ್ದು ಮಾರೋಣ,
ತಲೆ ಬೇಕಾದವರಿಗೆ ತಲೆ, ಬಾಲ ಬೇಕಾದವರಿಗೆ ಬಾಲ.
ಸೂಚಿಗೆ ಯಂತ್ರವಿದೆ, ನಾಲ್ಕು ನಿಮಿಷದ ಕೆಲಸ.
ತೋರಿಸಿದರು. ನೋಡಿದೆ.
ಕೃತಜ್ಞತೆಯ ಪುಟದಲ್ಲಿ ಅವನ ಹೆಂಡತಿ
ಹದಿನಾಲ್ಕು ವರ್ಷ ಬಡಿಯದೆ ಬಿಟ್ಟ ಕೋಣೆಯ ಬಾಗಿಲನ್ನೂ
ಅದು ತೂಬುಗಳ ಸಾಲಿಗೆ ಸೇರಿಸಿತ್ತು.
ನಗು ಬಂತು. ಆಮೇಲೆ ಅನಿಸಿತು,
ಅದೂ ನೀರು ತಡೆದು ನಿಂತದ್ದೇ ಅಲ್ಲವೇ.
ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ.

ಹೋದ ಮಾರ್ಚಿನಲ್ಲಿ ಗ್ರಂಥಾಲಯದವರು
ವಿಲೇವಾರಿ ಗಾಡಿಗೆ ಪುಸ್ತಕ ತುಂಬುತ್ತಿದ್ದರು.
ಬೆನ್ನಿಗೆ ಹಳದಿ ಚೀಟಿ. ಒಳಗೆ ಮೂರು ಮೊಹರು,
ಅದರಲ್ಲೊಂದು ಅವನೇ ತನ್ನ ಪುಸ್ತಕ ಎರವಲು ಪಡೆದದ್ದು.
ಆಗ ನೀರು ಮಂಡಳಿಯ ಅಳತೆಗಾರ್ತಿ,
ಫ್ರೌಕೆ ಎಂದು ಹೆಸರು, ಬೂಟಿನ ಕೆಸರಿನ ಸಮೇತ ಬಂದಳು.
ಏರಿ ಒಂದು ಕಡೆ ಜಿನುಗುತ್ತಿತ್ತು. ಯಾಕೆಂದು
ಯಾವ ನಕ್ಷೆಗೂ ಗೊತ್ತಿರಲಿಲ್ಲ.

ಪುಟ ಮುನ್ನೂರ ನಲವತ್ತೊಂದು, ಅಡಿಟಿಪ್ಪಣಿ ಐವತ್ತೇಳು:
ಒಂಬತ್ತನೆಯ ತೂಬು, ಹೂತದ್ದು, ಇಂಥ ಕಡೆ.
ಅಗೆದರು. ಇರಲಿಲ್ಲ.

ಅವನು ಎಡವಿದ್ದ.
ಆದರೆ ನಡೆದ ದಾರಿಯನ್ನೆಲ್ಲ ಬರೆದಿಟ್ಟೇ ಎಡವಿದ್ದ:
ಯಾವ ಕಡತ, ಯಾರ ಕೈಬರಹ,
ಇಲಿ ತಿಂದ ಒಂದು ಅಂಕಿಯನ್ನು
ತಾನು ಮೂರೆಂದು ಊಹಿಸಿದ್ದು.
ಫ್ರೌಕೆ ಅದನ್ನು ಎಂಟೆಂದು ಓದಿದಳು.
ನಲವತ್ತು ಹೆಜ್ಜೆ ಆಚೆ ಗುದ್ದಲಿಗೆ ಮರ ತಾಗಿತು,
ಕಪ್ಪಗೆ, ಕಬ್ಬಿಣದ ಹಾಗೆ ಗಟ್ಟಿ.
ಗ್ರಂಥಾಲಯದ ಪ್ರತಿಯ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಬರೆದಳು: ತಪ್ಪು. ೪೦ ಹೆಜ್ಜೆ.
ಬೈಸಿಕೊಂಡಳು. ಹಳದಿ ಚೀಟಿ ಇನ್ನೂ ಹಾಗೇ ಇದೆ.

ಸಂಜೆ ಅವನಿಗೆ ಫೋನು ಮಾಡಿದೆ.
ಎಂಬತ್ತೊಂದು ವರ್ಷ, ಕಿವಿ ಮಂದ, ಎರಡು ಸಲ ಹೇಳಬೇಕಾಯಿತು.
ತಪ್ಪು ಎಂಬ ಮಾತನ್ನು ಎರಡನೆಯ ಸಲ
ಸ್ವಲ್ಪ ಮೆತ್ತಗೆ ಹೇಳಿದೆ.
ಆ ಕಡೆ ಕೆಟಲ್ಲಿನ ಸದ್ದು ಮಾತ್ರ.

ಆಮೇಲೆ, ನಲವತ್ತು ಹೆಜ್ಜೆ, ಎಂದ.
ಯಾವ ಕಡೆಗೆ? ಸಮುದ್ರದ ಕಡೆಗೋ, ಊರ ಕಡೆಗೋ?
ತಾಳು, ತಾಳು, ಇಡಬೇಡ,
ಪೆನ್ಸಿಲ್ ಎಲ್ಲಿಟ್ಟೆನೋ.